ಏರ್ ಫಿಲ್ಟರ್‌ಗೆ ಗಾಳಿ ಹೊಡೆಸಬೇಡಿ

ಕಲಬುರಗಿ–ಸೇಡಂ ರಸ್ತೆಯಲ್ಲಿ ದಿನವೂ ಓಡುವ ನಿಮ್ಮ ಕಾರಿನ, ತೊಳೆದು ಮತ್ತೆ ಬಳಸುವ ಹತ್ತಿಬಟ್ಟೆಯ ಏರ್ ಫಿಲ್ಟರ್‌ಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕಂಪ್ರೆಸರ್ ಗಾಳಿಯ ರಭಸಕ್ಕೆ ಬಟ್ಟೆಯ ಎಳೆಗಳು ಹಾಳಾಗುತ್ತವೆ. ಆಮೇಲೆ ಆ ರಸ್ತೆಯ ಸುಣ್ಣಕಲ್ಲಿನ ಸಣ್ಣ ಧೂಳು ನೇರವಾಗಿ ಎಂಜಿನ್‌ಗೆ ಇಳಿಯುತ್ತದೆ.

ಫಿಲ್ಟರನ್ನು ಮೆಲ್ಲಗೆ ತಟ್ಟಿ, ಅದಕ್ಕೆಂದೇ ಸಿಗುವ ಕ್ಲೀನರ್ ಸಿಂಪಡಿಸಿ 10 ನಿಮಿಷ ಬಿಡಿ. ಅದು ಬಟ್ಟೆಯ ಮೇಲೆಯೇ ಒಣಗಬಾರದು, ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ನೆರಳಿನಲ್ಲಿ ಮಾಡಿ. ಬಳಿಕ ಸಣ್ಣ ಧಾರೆಯ ತಣ್ಣೀರನ್ನು ಎಂಜಿನ್ ಕಡೆಯ ಮೈಯಿಂದ ಹೊರಮುಖವಾಗಿ ಹರಿಸಿ. ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಬೇಡಿ. ತಾನಾಗಿಯೇ ಪೂರ್ತಿ ಒಣಗಲಿ.

ಬಹಳ ಜನ ಎಡವುವುದು ಎಣ್ಣೆಯಲ್ಲಿ. ಪ್ರತಿ ಮಡಿಕೆಯ ಉದ್ದಕ್ಕೂ ಫಿಲ್ಟರ್ ಎಣ್ಣೆಯ ಒಂದೇ ತೆಳು ಗೆರೆ ಸಾಕು. 20 ನಿಮಿಷ ಬಿಟ್ಟು, ಎಣ್ಣೆ ಹಿಡಿಯದೆ ಬಿಳಿಯಾಗಿ ಉಳಿದ ಕಡೆ ಮಾತ್ರ ಮತ್ತೆ ಹಾಕಿ. ಹೆಚ್ಚಾದರೆ ಎಣ್ಣೆ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂರಬಹುದು, ಪಿಕಪ್ ಕೆಡಬಹುದು. ಎಣ್ಣೆಯಿಲ್ಲದೆ ಓಡಿಸಿದರೆ ಫಿಲ್ಟರ್ ಧೂಳನ್ನು ಸರಿಯಾಗಿ ಹಿಡಿಯುವುದಿಲ್ಲ. ಒಣ ಮಾದರಿಯ ಫಿಲ್ಟರ್ ಆಗಿದ್ದರೆ ಮಾತ್ರ ಎಣ್ಣೆ ಹಾಕಲೇಬೇಡಿ.

ತೊಗರಿ ರಾಶಿಯ ದಿನಗಳಲ್ಲಿ ಫಿಲ್ಟರ್ ಇರುವ ಡಬ್ಬಿ ತೆರೆದು ನೋಡುತ್ತಿರಿ. ಮಡಿಕೆಗಳು ಧೂಳಿನಲ್ಲಿ ಮುಚ್ಚಿಹೋಗಿದ್ದರೆ ತೊಳೆಯಿರಿ.