ಬೈರಾಡ್ಸ್ 4ಎ ಎಂದರೆ ಕ್ಯಾನ್ಸರಿನ ನಾಲ್ಕನೇ ಹಂತವೇ?

ನಿಮ್ಮ ತಾಯಿಗೆ 49 ವರ್ಷ, ಎಡಸ್ತನದಲ್ಲಿ ಗಂಟು, ಸ್ಕ್ಯಾನಿಂಗ್ ವರದಿಯ ಕೊನೆಯಲ್ಲಿ ‘ಬೈರಾಡ್ಸ್ 4ಎ, ಬಯಾಪ್ಸಿ ಅಗತ್ಯ’ ಎಂದಿದೆ. ಇದು ನಾಲ್ಕನೇ ಹಂತವೇ ಎಂದು ಕೇಳಿದ್ದೀರಿ. ಬಯಾಪ್ಸಿಗೆಂದು, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸಲೆಂದು ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂದು ನಿಮ್ಮ ತಂದೆ ತಡೆಯುತ್ತಿದ್ದಾರೆ ಎಂದೂ ಬರೆದಿದ್ದೀರಿ. ಮೊದಲು ಅಮ್ಮನ ಹತ್ತಿರ ಹೋಗಿ ಇಷ್ಟು ಹೇಳಿ ಬನ್ನಿ: ಆ ನಾಲ್ಕಕ್ಕೂ ನಾಲ್ಕನೇ ಹಂತಕ್ಕೂ ಯಾವ ಸಂಬಂಧವೂ ಇಲ್ಲ. ಉಳಿದದ್ದನ್ನು ಆಮೇಲೆ ಓದಿ.

ನಾನು ವೈದ್ಯೆಯಲ್ಲ. ಮೂರು ವರ್ಷಗಳ ಹಿಂದೆ ಇದೇ 4ಎ ಇದ್ದ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಹಾಸನದ ಬಸ್ ನಿಲ್ದಾಣದಲ್ಲಿ ಕುಳಿತಿದ್ದವಳು. ಊರಿನ ಎರಡು ಬಸ್‌ಗಳು ಕಣ್ಣೆದುರೇ ಹೋದವು, ಏಳಲಾಗಲಿಲ್ಲ. ಮಗಳು ಆಗ ಎಂಟನೇ ತರಗತಿ. ಅವಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗಾದರೂ ಇರುತ್ತೇನೆಯೇ ಎಂದು ಲೆಕ್ಕ ಹಾಕುತ್ತಿದ್ದೆ. ನನಗೂ ಅದು ನಾಲ್ಕನೇ ಹಂತವೆಂದೇ ತೋರಿತ್ತು.

ಹಂತ ಎನ್ನುವುದು ಕ್ಯಾನ್ಸರ್ ಇದೆ ಎಂದು ಖಚಿತವಾದ ಮೇಲೆ, ಅದು ಎಷ್ಟು ದೂರ ಹೋಗಿದೆ ಎಂದು ನೋಡಿ ಹೇಳುವ ಮಾತು. ಬೈರಾಡ್ಸ್ ಸಂಖ್ಯೆ ಹೇಳುವುದು ಚಿತ್ರ ನೋಡಿದ ವೈದ್ಯರಿಗೆ ಎಷ್ಟು ಅನುಮಾನ ಬಂದಿದೆ ಎಂಬುದನ್ನು ಮಾತ್ರ. ಸೊನ್ನೆ ಎಂದರೆ ಇನ್ನೂ ಚಿತ್ರಗಳು ಬೇಕು. ಒಂದು, ಎರಡು ಬಂದರೆ ಚಿಂತೆಯಿಲ್ಲ. ಮೂರು ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡನ್ನು ಮೀರುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ನಾಲ್ಕರಲ್ಲಿ ಮೂರು ಮೆಟ್ಟಿಲುಗಳಿವೆ: 4ಎ ಎಂದರೆ ನೂರಕ್ಕೆ ಎರಡರಿಂದ ಹತ್ತು, 4ಬಿ ಹತ್ತರಿಂದ ಐವತ್ತು, 4ಸಿ ಐವತ್ತರಿಂದ ತೊಂಬತ್ತೈದು. ಐದು ಅದಕ್ಕೂ ಮೇಲೆ. ಅಂದರೆ 4ಎ ಬಂದ ನೂರು ಹೆಂಗಸರಲ್ಲಿ ತೊಂಬತ್ತು ಮಂದಿಗಾದರೂ ಕ್ಯಾನ್ಸರ್ ಇರುವುದಿಲ್ಲ. ಆದರೂ ಬಯಾಪ್ಸಿ ಬೇಕು, ಏಕೆಂದರೆ ನಿಮ್ಮ ತಾಯಿ ಆ ತೊಂಬತ್ತರಲ್ಲಿದ್ದಾರೆಯೇ ಎಂಬುದನ್ನು ಚಿತ್ರ ಹೇಳಲಾರದು.

ವರದಿಯಲ್ಲಿರುವ ‘ಹೈಪೊಎಕೋಯಿಕ್’ ಎಂಬ ಪದ ನಿಮ್ಮನ್ನು ಹೆದರಿಸಿದೆ ಎಂದಿರಿ. ಸುತ್ತಲಿನ ಭಾಗಕ್ಕಿಂತ ಕಪ್ಪಗೆ ಕಾಣುತ್ತಿದೆ ಎಂದಷ್ಟೇ ಅದರ ಅರ್ಥ. ನಿರುಪದ್ರವಿ ಗಂಟುಗಳಲ್ಲೂ ಬಹಳಷ್ಟು ಹೀಗೆಯೇ ಕಾಣುತ್ತವೆ. ವೈದ್ಯರು ಹೆಚ್ಚು ಗಮನ ಕೊಡುವುದು ಆಕಾರಕ್ಕೆ ಮತ್ತು ಅಂಚಿಗೆ. ಮೊಟ್ಟೆಯಾಕಾರದಲ್ಲಿ, ಅಂಚು ನುಣುಪಾಗಿ, ಚರ್ಮಕ್ಕೆ ಸಮಾನಾಂತರವಾಗಿ ಮಲಗಿದ್ದರೆ ಸಮಾಧಾನ. ಅಂಚು ಮುಳ್ಳುಮುಳ್ಳಾಗಿದ್ದರೆ, ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ ಅನುಮಾನ.

ಈಗ ಸೂಜಿಯ ವಿಷಯ. ನಿಮ್ಮ ತಂದೆಯ ಭಯ ನಮ್ಮ ಅತ್ತೆಯವರಿಗೂ ಇತ್ತು. ಸೂಜಿ ಚುಚ್ಚಿದರೆ ಒಳ್ಳೆಯ ಗಂಟು ಕೆಟ್ಟದಾಗುವುದಿಲ್ಲ, ಕೆಟ್ಟದ್ದಿದ್ದರೆ ಅದರಿಂದ ಮೈಯೆಲ್ಲ ಹರಡುವುದೂ ಇಲ್ಲ. ನಿಜವಾಗಿ ಅಪಾಯವಿರುವುದು ಏನೆಂದು ತಿಳಿಯದೆಯೇ ಗಂಟನ್ನು ಕೊಯ್ದು ತೆಗೆಸುವುದರಲ್ಲಿ. ಅದು ಕ್ಯಾನ್ಸರ್ ಆಗಿದ್ದರೆ ಸುತ್ತಲಿನ ಎಷ್ಟು ಭಾಗ ತೆಗೆಯಬೇಕು, ಕಂಕುಳಿನ ಗ್ರಂಥಿಗಳನ್ನು ನೋಡಬೇಕೇ, ಮೊದಲು ಔಷಧ ಕೊಡಬೇಕೇ ಎಂದು ಮುಂಚೆಯೇ ತೀರ್ಮಾನಿಸಬೇಕಾಗುತ್ತದೆ. ಹಾಗೆ ಮಾಡದಿದ್ದರೆ ಎರಡನೇ ಸಲ ಕೊಯ್ಯಿಸಿಕೊಳ್ಳಬೇಕಾಗಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನನಗೆ ಮೊದಲು ಒಂದು ಕಡೆ ಸಣ್ಣ ಸೂಜಿಯ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ ಮಾಡಿದರು. ವರದಿಯಲ್ಲಿ ‘ಇನ್‌ಅಡಿಕ್ವೇಟ್’ ಎಂದು ಬಂತು. ಅಲ್ಲಿದ್ದವರು ‘ಏನೂ ಇಲ್ಲಮ್ಮ’ ಎಂದು ಕಳುಹಿಸಿಬಿಟ್ಟರು. ಸೂಜಿಗೆ ಸಾಕಷ್ಟು ಜೀವಕೋಶಗಳು ಸಿಕ್ಕಿಲ್ಲ ಎಂಬುದು ಅದರ ಅರ್ಥ, ರೋಗವಿಲ್ಲವೆಂದಲ್ಲ. ಆ ಒಂದು ಮಾತಿನಿಂದ ನಾನು ನಾಲ್ಕು ತಿಂಗಳು ಕಳೆದುಕೊಂಡೆ. ಇಂದಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಆದ್ದರಿಂದ ‘ಕೋರ್ ಬಯಾಪ್ಸಿ’ಯೇ ಮಾಡುತ್ತೀರಾ ಎಂದು ಕೇಳಿ. ಅದರಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನ್ ನೋಡುತ್ತಲೇ ದಪ್ಪ ಸೂಜಿಯಿಂದ ಮಾಂಸದ ಎಳೆಗಳನ್ನು ತೆಗೆಯುತ್ತಾರೆ. ಉಪಕರಣ ಟಪ್ ಎಂದು ಸದ್ದು ಮಾಡುತ್ತದೆ. ನನಗೆ ಮಾಡಿದ ವೈದ್ಯೆ, ಬೆಚ್ಚಿಬೀಳಬಾರದೆಂದು ಆ ಸದ್ದನ್ನು ಮುಂಚೆಯೇ ಒಮ್ಮೆ ಗಾಳಿಯಲ್ಲಿ ಕೇಳಿಸಿದರು. ಕೊನೆಗೆ ಪುಟ್ಟ ಸೀಸೆಯ ದ್ರವದಲ್ಲಿ ಮುರಿದ ಶಾವಿಗೆಯಂತಹ ಐದು ಬಿಳಿ ಎಳೆಗಳು ತೇಲುತ್ತಿದ್ದವು. ನೋವಿಗಿಂತ ಅದನ್ನು ನೋಡಿದ್ದೇ ಹೆಚ್ಚು ನೆನಪಿದೆ.

ನನ್ನದು ಫೈಬ್ರೊಅಡಿನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು. ನಿಮ್ಮ ತಾಯಿಗೂ ಹೀಗೆ ಒಳ್ಳೆಯ ಫಲಿತಾಂಶ ಬಂದರೆ, ‘ಬಯಾಪ್ಸಿಯೂ ಸ್ಕ್ಯಾನಿಂಗೂ ಒಂದಕ್ಕೊಂದು ಹೊಂದುತ್ತವೆಯೇ?’ ಎಂದು ತಪ್ಪದೆ ಕೇಳಿ. ಚಿತ್ರದಲ್ಲಿ ಬಲವಾದ ಅನುಮಾನವಿದ್ದು ಬಯಾಪ್ಸಿ ಚೆನ್ನಾಗಿ ಬಂದಿದ್ದರೆ, ಸೂಜಿ ಗಂಟಿನ ಪಕ್ಕಕ್ಕೆ ಹೋಗಿರಬಹುದು. ಆಗ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.

ನಮ್ಮ ಅತ್ತಿಗೆಗೆ ಹೋದ ವರ್ಷ ಕ್ಯಾನ್ಸರ್ ಎಂದೇ ಬಂತು. ಅವರ ವರದಿಯಲ್ಲಿ ‘ಗ್ರೇಡ್ 2’ ಎಂದಿತ್ತು. ಗ್ರೇಡ್ ಕೂಡ ಹಂತವಲ್ಲ, ಜೀವಕೋಶಗಳು ಸಹಜ ರೂಪದಿಂದ ಎಷ್ಟು ಬದಲಾಗಿವೆ ಎಂಬುದರ ಅಳತೆ. ಹಾರ್ಮೋನುಗಳಿಗೆ ಕ್ಯಾನ್ಸರ್ ಸ್ಪಂದಿಸುತ್ತದೆಯೇ ಎಂದು ತೋರಿಸುವ ಇಆರ್, ಪಿಆರ್ ಮುಂದೆ ಪಾಸಿಟಿವ್ ಎಂದಿದ್ದನ್ನು ನೋಡಿ ಮನೆಯವರೆಲ್ಲ ಅತ್ತರು. ಅದು ಹಾರ್ಮೋನು ತಡೆಯುವ ಮಾತ್ರೆಗಳು ಕೆಲಸ ಮಾಡಬಲ್ಲವು ಎಂಬ ಸುದ್ದಿ ಎಂದು ವೈದ್ಯರು ಬಿಡಿಸಿ ಹೇಳಿದ ಮೇಲೆಯೇ ಉಸಿರು ಬಂತು. ಹರ್2 ಎಂಬ ಪ್ರೋಟೀನು ಹೆಚ್ಚಾಗಿದೆಯೇ ಎಂಬುದರ ಮುಂದೆ ‘2+’ ಇತ್ತು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಬೇಕು. ಅದಕ್ಕೆ ಬಯಾಪ್ಸಿಯ ಎಳೆಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಬೆಂಗಳೂರಿಗೆ ಒಯ್ದೆವು. ಅತ್ತಿಗೆ ಈಗ ಅಂಗನವಾಡಿ ಕೆಲಸಕ್ಕೆ ಮರಳಿದ್ದಾರೆ.

ತಾಯಿ ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಬಯಾಪ್ಸಿಯ ದಿನಾಂಕ ಕೇಳುವಾಗಲೇ ಹೇಳಿಬಿಡಿ, ನೀವಾಗಿಯೇ ನಿಲ್ಲಿಸಬೇಡಿ. ಹಳೆಯ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ ಇದ್ದರೆ ಫಿಲ್ಮ್ ಸಮೇತ ಒಯ್ಯಿರಿ. ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಯನ್ನು ಅವರೇ ವೈದ್ಯರಿಗೆ ಕೇಳಲಿ.