ಸಂಪಾದಕರ ಉತ್ತರ: ರಂಗಸ್ಥಳದಲ್ಲಿ ಸರಿ, ಕೋಣೆಯಲ್ಲಿ ತಪ್ಪೇ?

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರ ಪತ್ರದ ಸಾರ: ಇಪ್ಪತ್ತನಾಲ್ಕು ವರ್ಷದ ಸೋದರಳಿಯ ಬಾಗಿಲು ಹಾಕಿಕೊಂಡು ಸೀರೆ ಉಡುವುದು ಮನೆಯವರ ಕಣ್ಣಿಗೆ ಬಿದ್ದಿದೆ. ಕಳೆದ ನವರಾತ್ರಿಯಲ್ಲಿ ಅವನೇ ಹೆಣ್ಣಿನ ಮಾರ್ನೆಮಿ ವೇಷ ಹಾಕಿ ಮನೆಮನೆಗೆ ಹೋದಾಗ ಎಲ್ಲರೂ ಮೆಚ್ಚಿದ್ದರು. ‘ಇದು ಕಾಯಿಲೆಯೇ? ಹೊರದೇಶಗಳಲ್ಲಿ ಇದಕ್ಕೆಲ್ಲ ಅಡ್ಡಿಯಿಲ್ಲವಂತೆ. ಅವನಿಗೆ ಗಲ್ಫಿನಲ್ಲಿ ಕೆಲಸ ಸಿಗುವ ಹಾಗಿದೆ. ಕಳಿಸಿಬಿಟ್ಟರೆ ಒಳ್ಳೆಯದಲ್ಲವೇ?’ ಹೆಸರು ಬೇಡ ಎಂದಿದ್ದಾರೆ.)

ಮಾನ್ಯರೇ,

ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ರೋಗಪಟ್ಟಿಯಲ್ಲಿ ಇದಕ್ಕೆ ಒಂದೆರಡು ಹೆಸರುಗಳಿದ್ದವು. 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ಆವೃತ್ತಿಯಲ್ಲಿ ಅವು ಇಲ್ಲ. ಆದ್ದರಿಂದ ಡಾಕ್ಟರರ ಬಳಿಗೆ ಎಳೆದೊಯ್ಯುವ, ಅದಕ್ಕೂ ಮೊದಲು ಮಂತ್ರವಾದಿಯಿಂದ ನೂಲು ಕಟ್ಟಿಸುವ ಯೋಚನೆ ಬಿಡಿ. ಹುಡುಗ ಕುಗ್ಗಿಹೋಗಿದ್ದರೆ, ತಾನಾಗಿ ಬಯಸಿದರೆ, ಆಪ್ತಸಮಾಲೋಚಕರನ್ನು ಕಾಣಲಿ. ಆ ಚಿಕಿತ್ಸೆ ಸೀರೆಗಲ್ಲ, ನಿಮ್ಮ ಮನೆಯಲ್ಲಿ ಎದ್ದಿರುವ ರಂಪಾಟಕ್ಕೆ.

ಹೊರದೇಶದ ಮಾತಿಗೆ ಮೊದಲು ಊರಿನ ಮಾತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಕಂಡ ಹಿರಿಯರು ಅವರ ಒನಪನ್ನೂ ಮಾತಿನ ಹದವನ್ನೂ ಈಗಲೂ ಕೊಂಡಾಡುತ್ತಾರೆ. ದೈವದ ಕುಣಿತವಾದ ತೆಯ್ಯದ ಕಳದಲ್ಲಿ ಭಗವತಿಯಾಗಿ ಮುಡಿ ಹೊತ್ತು ನಿಂತ ಗಂಡಸಿನ ಮುಂದೆ ತಲೆಬಾಗಿ ಅರಶಿನ ಪ್ರಸಾದ ಪಡೆಯುತ್ತೇವೆ. ನಮ್ಮದೇ ರಾಜ್ಯವಾದ ಕೇರಳದ ದಕ್ಷಿಣ ತುದಿಗೆ, ಕೊಲ್ಲಂ ಜಿಲ್ಲೆಯ ಚವರದ ಕೊಟ್ಟಂಕುಳಙರ ದೇವಸ್ಥಾನಕ್ಕೆ, ಮೀನ ಮಾಸದಲ್ಲಿ ಸಾವಿರಾರು ಗಂಡಸರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಚಮಯವಿಳಕ್ಕು ಎಂಬ ದೀಪ ಹಿಡಿದು ಹರಕೆ ತೀರಿಸಲು ಹೋಗುತ್ತಾರೆ. ಹೆಂಡತಿ, ಅಕ್ಕತಂಗಿಯರೇ ಎಷ್ಟೋ ಜನರಿಗೆ ಸೀರೆಯ ನೆರಿಗೆ ಹಿಡಿದು ಕೊಡುತ್ತಾರೆ. ಆಂಧ್ರದ ಗಡಿಯಲ್ಲಿ, ಆದವಾನಿ ಕಡೆಯ ಸಂತೆಕೂಡ್ಲೂರಿನಲ್ಲಿ, ಹೋಳಿಯ ದಿನ ಗಂಡಸರು ಹೆಣ್ಣಿನಂತೆ ಸಿಂಗರಿಸಿಕೊಂಡು ರತಿ ಮನ್ಮಥರನ್ನು ಪೂಜಿಸುತ್ತಾರೆ. ಇಲ್ಲೆಲ್ಲ ಯಾರ ಮರ್ಯಾದೆಯೂ ಹೋಗಲಿಲ್ಲ.

ಏಕೆ ಹೋಗಲಿಲ್ಲ ಎಂದು ಕೇಳಿಕೊಳ್ಳಿ. ಆ ವೇಷಗಳಿಗೆಲ್ಲ ಹೊತ್ತುಗೊತ್ತು ಇದೆ, ಕಳಚಿಡುವ ಗಳಿಗೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಜಾಮೀನು ನಿಲ್ಲುವವರು ಇದ್ದಾರೆ: ದೇವರು, ಇಲ್ಲವೇ ಕಲೆ, ಅದೂ ಇಲ್ಲದಿದ್ದರೆ ಹಬ್ಬದ ತಮಾಷೆ. ನಿಮ್ಮ ಅಳಿಯನ ಮಾರ್ನೆಮಿ ವೇಷಕ್ಕೆ ನವರಾತ್ರಿಯೇ ಜಾಮೀನು ಕೊಟ್ಟಿತ್ತು. ಕೋಣೆಯೊಳಗಿನ ಸೀರೆಗೆ ಯಾರೂ ಇಲ್ಲ. ಅವನಿಗೆ ಅದು ಇಷ್ಟ, ಅಷ್ಟೇ. ಜನರಿಗೆ ಸಹಿಸಲಾಗದ್ದು ಸೀರೆಯಲ್ಲ, ಆ ‘ಅಷ್ಟೇ’.

ಹೊರದೇಶಗಳ ಕಥೆಯೂ ಬಹುಮಟ್ಟಿಗೆ ಇದೇ. ಜಪಾನಿನಲ್ಲಿ 1629ರಲ್ಲಿ ಹೆಂಗಸರನ್ನು ರಂಗದಿಂದ ಹೊರಹಾಕಿದ ಮೇಲೆ ಕಬುಕಿ ನಾಟಕದ ಸ್ತ್ರೀಪಾತ್ರಗಳನ್ನು ಗಂಡಸರೇ ಕಟ್ಟಿ ಬೆಳೆಸಿದರು. ಆ ಪರಂಪರೆಯ ಬಾಂದೊ ತಾಮಸಬುರೊ ಅವರಿಗೆ ಸರ್ಕಾರ 2012ರಲ್ಲಿ ಜೀವಂತ ರಾಷ್ಟ್ರೀಯ ನಿಧಿ ಎಂಬ ಗೌರವ ಕೊಟ್ಟಿದೆ. ಅದೇ ಜಪಾನು 1873ರಲ್ಲಿ ಬೀದಿಯ ಮೇಲೆ ಗಂಡು ಹೆಣ್ಣಿನ ಬಟ್ಟೆ, ಹೆಣ್ಣು ಗಂಡಿನ ಬಟ್ಟೆ ತೊಡುವುದನ್ನು ನಿಷೇಧಿಸಿ, ನಟರಿಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ನಾವು ಬಾಯಿಮಾತಿನಲ್ಲಿ ಇಟ್ಟುಕೊಂಡದ್ದನ್ನು ಅವರು ಕಾಗದದಲ್ಲಿ ಬರೆದಿಟ್ಟರು. ಕೆಲವೇ ವರ್ಷಗಳಲ್ಲಿ ಆ ನಿಷೇಧ ಹೋಯಿತೆನ್ನಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 1863ರಲ್ಲಿ ಮಾಡಿದ ಇಂಥದ್ದೇ ನಿಷೇಧವನ್ನು ತೆಗೆದುಹಾಕಿದ್ದು 1974ರಲ್ಲಿ. ದಕ್ಷಿಣ ಅಮೆರಿಕದ ಗಯಾನಾದಲ್ಲಿ 1893ರ ಬ್ರಿಟಿಷ್ ಕಾನೂನನ್ನು ಹಿಡಿದು 2009ರಲ್ಲಿಯೂ ಜನರನ್ನು ಬಂಧಿಸಿ ದಂಡ ಹಾಕಿದರು. ಅವರಲ್ಲಿ ನಾಲ್ವರು ಪಟ್ಟುಬಿಡದೆ ಹೋರಾಡಿ, 2018ರಲ್ಲಿ ಕೆರಿಬಿಯನ್ ನ್ಯಾಯಾಲಯದಿಂದ ಆ ಕಾನೂನನ್ನೇ ರದ್ದುಮಾಡಿಸಿದರು. ಸಮೋವಾ ದ್ವೀಪದಲ್ಲಿ ಇದಕ್ಕೆ ವಿರುದ್ಧ: ಹೆಣ್ಣಿನಂತೆ ಬದುಕುವ ಫಾಫಾಫಿನೆಯರು ಮನೆಯಲ್ಲೂ ಸಮುದಾಯದಲ್ಲೂ ಹಿಂದಿನಿಂದ ಇದ್ದವರೇ. ಆದರೂ ಅಲ್ಲಿನ ದಂಡಸಂಹಿತೆಯಲ್ಲಿ ಹೆಣ್ಣಿನ ಸೋಗು ಹಾಕುವುದು 2013ರವರೆಗೆ ಅಪರಾಧವಾಗಿತ್ತು. ಒಂದು ದೇಶ ಒಪ್ಪುತ್ತದೆ ಎಂದು ಹೇಳುವ ಮೊದಲು ಯಾರು ಒಪ್ಪುತ್ತಾರೆ ಎಂದು ಕೇಳಬೇಕು: ನೆರೆಮನೆಯವರೋ, ಪೊಲೀಸರೋ, ಅಮ್ಮನೋ?

ನಡುವೆ ಒಂದು ಮಾತು. ನಿಮ್ಮ ತೋಟದಲ್ಲಿ ಅಡಿಕೆ ಹೆಕ್ಕುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡಿರುತ್ತಾರಲ್ಲ, ಅದರ ಬಗ್ಗೆ ನನಗೆ ಯಾರೂ ಪತ್ರ ಬರೆದಿಲ್ಲ. ಹೆಣ್ಣು ಗಂಡಿನ ಬಟ್ಟೆ ತೊಟ್ಟರೆ ಅನುಕೂಲ, ಗಂಡು ಹೆಣ್ಣಿನದನ್ನು ತೊಟ್ಟರೆ ಅಧೋಗತಿ! ಆ ಅನುಕೂಲವೂ ಎಲ್ಲ ಕಡೆ ಸುಮ್ಮನೆ ಸಿಕ್ಕಿದ್ದಲ್ಲ. ಪ್ಯಾರಿಸಿನ ಹೆಂಗಸರು ಪ್ಯಾಂಟ್ ತೊಡಬೇಕಾದರೆ ಪೊಲೀಸರ ಅನುಮತಿ ಪಡೆಯಬೇಕೆಂಬ 1800ರ ಆದೇಶಕ್ಕೆ ಬೆಲೆಯಿಲ್ಲವೆಂದು ಫ್ರಾನ್ಸ್ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ.

‘ಅವನು ಮಂಗಳಮುಖಿಯಾಗುತ್ತಾನೆಯೇ’ ಎಂಬ ಅಂಜಿಕೆಯೂ ನಿಮ್ಮ ಪತ್ರದ ಸಾಲುಗಳ ಮಧ್ಯೆ ಕಾಣುತ್ತದೆ. ಸೀರೆ ಉಡಲು ಇಷ್ಟಪಡುವ ಗಂಡಸು ಬೇರೆ, ತಾನು ಹೆಣ್ಣೇ ಎಂದು ತಿಳಿದು ಬದುಕುವವರು ಬೇರೆ, ಮೇಳದ ಸ್ತ್ರೀವೇಷಧಾರಿ ಇನ್ನೂ ಬೇರೆ. ಅಳಿಯ ಯಾರು ಎಂಬುದನ್ನು ಅವನೇ ಹೇಳಲಿ, ಅವಸರವಿಲ್ಲ. ಅವನು ಯಾರೇ ಆಗಿರಲಿ, ಭಾರತದಲ್ಲಿ ಇಂದು ಗಂಡಸು ಸೀರೆ ಉಡುವುದು ಅಪರಾಧವಲ್ಲ. 1871ರ ಬ್ರಿಟಿಷ್ ಕಾಯ್ದೆಯೊಂದು ಪೊಲೀಸರು ಪಟ್ಟಿಮಾಡಿದ ‘ನಪುಂಸಕರು’ ಬೀದಿಯಲ್ಲಿ ಹೆಣ್ಣಿನ ಉಡುಗೆ ತೊಟ್ಟರೆ ಎರಡು ವರ್ಷದವರೆಗೆ ಸೆರೆ ಎಂದಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಲಿಂಗ ಅಲ್ಪಸಂಖ್ಯಾತರ ಹಕ್ಕಿನ ತೀರ್ಪಿನಲ್ಲಿ, ಉಡುಗೆಯೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಮರುವರ್ಷವೇ ಕೇರಳ ಟ್ರಾನ್ಸ್‌ಜೆಂಡರ್ ನೀತಿಯನ್ನು ತಂದಿತು. ಅಂದರೆ ಕಾನೂನು ಬದಿಯಡ್ಕಕ್ಕೆ ಬಂದು ತಲುಪಿದೆ, ನಿಮ್ಮ ಜಗಲಿ ಹತ್ತಿಲ್ಲ. ನಮ್ಮ ಕಡೆ ಮಾವನ ಮಾತಿಗೆ ಇಂದಿಗೂ ತೂಕವಿದೆ. ‘ಬಾಗಿಲು ಹಾಕಿದ ಕೋಣೆಗೆ ಯಾರೂ ಇಣುಕಬೇಡಿ’ ಎಂದು ನೀವೊಂದು ಮಾತು ಹೇಳಿದರೆ ತಂಗಿಯ ಅಳು ಅರ್ಧ ನಿಲ್ಲುತ್ತದೆ.

ಇನ್ನು ಗಲ್ಫಿನ ಪ್ರಶ್ನೆ. ಮನೆಯಿಂದ ದೂರಮಾಡಲು ನೀವು ಆರಿಸಿಕೊಂಡ ದಿಕ್ಕೇ ಸರಿಯಿಲ್ಲ. ಕುವೈತ್ 2007ರಲ್ಲಿ ‘ವಿರುದ್ಧ ಲಿಂಗದವರನ್ನು ಅನುಕರಿಸುವುದು’ ಅಪರಾಧವೆಂದು ದಂಡಸಂಹಿತೆಗೆ ಸೇರಿಸಿತ್ತು. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2022ರಲ್ಲಿ ಅದನ್ನು ತೆಗೆದುಹಾಕಿತಾದರೂ ಜನರ ಕಣ್ಣು ಬದಲಾಗಿದೆ ಎಂದು ನಂಬಿ ಹೋಗಬಾರದು. ಒಮಾನಿನ 2018ರ ದಂಡಸಂಹಿತೆಯಂತೂ ಹೆಣ್ಣಿನ ಉಡುಪಿನಲ್ಲಿ ಕಾಣಿಸಿಕೊಳ್ಳುವ ಗಂಡಸಿಗೆ ಸೆರೆಮನೆ ಎನ್ನುತ್ತದೆ. ಒಂದೇ ಕೋಣೆಯಲ್ಲಿ ಆರೆಂಟು ಜನ ಮಲಗುವ ಕಂಪನಿ ವಸತಿಯಲ್ಲಿ ಬಾಗಿಲು ಹಾಕಿಕೊಳ್ಳುವುದು ಹೇಗೆಂಬುದನ್ನೂ ಯೋಚಿಸಿ. ಯಾವ ದೇಶದ ವೀಸಾ ಎಂದು ನೀವು ಬರೆದಿಲ್ಲ. ಕೆಲಸ ಒಳ್ಳೆಯದಾಗಿದ್ದು ಅವನಿಗೇ ಹೋಗಲು ಮನಸ್ಸಿದ್ದರೆ ಹೋಗಲಿ. ಆದರೆ ಕರಾರಿಗೆ ಸಹಿ ಹಾಕುವ ಮೊದಲು ಈ ಪುಟವನ್ನು ಅವನ ಕೈಗೆ ಕೊಡಿ.

– ಸಂಪಾದಕ