ಜಾನ್ಸನ್ನನ ನಗು ನಿಮ್ಮ ಲೇಖನದಲ್ಲಿ ಕಾಣಲಿಲ್ಲ

ಆತ್ಮೀಯರೇ, ವಂದನೆಗಳು.

ಹೆವಿವೇಟ್ ವಿಶ್ವ ಚಾಂಪಿಯನ್ ಪಟ್ಟವೇರಿದ ಮೊದಲ ಕಪ್ಪು ಬಾಕ್ಸರ್ ಜಾಕ್ ಜಾನ್ಸನ್ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಆ ಮನುಷ್ಯನ ಮೇಲೆ ನಿಮಗಿರುವ ಅಭಿಮಾನ ಪ್ರತಿ ಪುಟದಲ್ಲೂ ಕಂಡದ್ದರಿಂದ, ಒಂದು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಮೊದಲ ಪುಟವೊಂದರಲ್ಲೇ ‘ಧೀರ’, ‘ಎದೆಗಾರ’, ‘ಅಪ್ರತಿಮ’ ಎಂಬ ಪದಗಳು ಹನ್ನೊಂದು ಸಲ ಬಂದಿವೆ. ಇಷ್ಟು ಹೊಗಳಿಕೆಯ ನಡುವೆ ಆತ ಮಾಡಿದ್ದೇನು ಎಂಬುದು ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. 1908ರ ಡಿಸೆಂಬರ್ 26ರ ಸಿಡ್ನಿ ಪಂದ್ಯವನ್ನು ‘ಟಾಮಿ ಬರ್ನ್ಸ್‌ನನ್ನು ಮಣಿಸಿ ಇತಿಹಾಸ ಸೃಷ್ಟಿಸಿದ’ ಎಂದು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನೀವು ನಿಂತು ನೋಡಬೇಕಿದ್ದದ್ದು ಅಲ್ಲಿಯೇ. ಅಂದಿನ ಚಾಂಪಿಯನ್, ಬಿಳಿಯ ಬರ್ನ್ಸ್‌ಗೆ ಸಂಭಾವನೆ 30,000 ಡಾಲರ್, ಜಾನ್ಸನ್ನನಿಗೆ 5,000. ಪಂದ್ಯ ಏರ್ಪಡಿಸಿದವನೇ ರೆಫರಿ. ಸುತ್ತಲೂ ಜಾನ್ಸನ್ನನ ಸೋಲನ್ನು ಕಾಣಲೆಂದೇ ಬಂದ ಬಿಳಿಯ ಜನಸಾಗರ. ಅವರ ನಡುವೆ ಜಾನ್ಸನ್ ಚಿನ್ನದ ಹಲ್ಲು ಕಾಣುವಂತೆ ನಗುತ್ತಾ, ಎದುರಾಳಿಯನ್ನು ಮಾತಿಗೆಳೆಯುತ್ತಾ, ‘ಇಲ್ಲಿ ಹೊಡಿ’ ಎಂದು ತನ್ನ ಹೊಟ್ಟೆಯನ್ನೇ ಒಡ್ಡುತ್ತಾ ಸೆಣಸಿದ. 14ನೆಯ ಸುತ್ತಿನಲ್ಲಿ ಪೊಲೀಸರು ನಡುವೆ ಬಂದು ಪಂದ್ಯ ನಿಲ್ಲಿಸಿದಾಗ ಕ್ಯಾಮೆರಾವನ್ನೂ ನಿಲ್ಲಿಸಲಾಯಿತು. ಬಿಳಿಯನೊಬ್ಬ ಕಪ್ಪು ಮನುಷ್ಯನ ಕೈಯಲ್ಲಿ ನೆಲಕಚ್ಚುವುದನ್ನು ಲೋಕ ನೋಡಬಾರದಿತ್ತು. ಇಷ್ಟನ್ನು ಬರೆದರೆ ‘ಧೀರ’ ಎಂಬ ಪದದ ಅಗತ್ಯವೇ ಬೀಳದು.

ನನ್ನನ್ನು ಹೆಚ್ಚು ನೋಯಿಸಿದ್ದು ಮೂರನೆಯ ಪುಟದಲ್ಲಿರುವ ‘ಕರಿಚಿರತೆಯಂತೆ ಎರಗಿದ’ ಎಂಬ ಮಾತು. ನೀವದನ್ನು ಮೆಚ್ಚುಗೆಯಿಂದಲೇ ಬರೆದಿದ್ದೀರಿ ಎಂದು ಬಲ್ಲೆ. ಆದರೆ ಅಂದಿನ ಬಿಳಿಯರ ಪತ್ರಿಕೆಗಳೂ ವ್ಯಂಗ್ಯಚಿತ್ರಗಳಲ್ಲಿ ಆತನನ್ನು ಪ್ರಾಣಿಯಾಗಿಯೇ ಬಿಡಿಸುತ್ತಿದ್ದವು. ಜಾನ್ಸನ್ ಎರಗುವ ಬಾಕ್ಸರ್ ಆಗಿರಲಿಲ್ಲ. ಕಾಯುತ್ತಿದ್ದ, ಬಂದ ಪೆಟ್ಟನ್ನು ಅಂಗೈಯಲ್ಲೇ ತಡೆಯುತ್ತಿದ್ದ, ಎದುರಾಳಿ ತಪ್ಪಿದ ಕ್ಷಣದಲ್ಲಿ ತಿರುಗಿ ಹೊಡೆಯುತ್ತಿದ್ದ. ಸಾವಿರಾರು ಜನ ಬೈಯುತ್ತಿರುವಾಗ ಅವಸರಪಡದೆ ಹಾಗೆ ಕಾಯಲು ಎಂಥ ಆತ್ಮವಿಶ್ವಾಸ ಬೇಕು ಎಂಬುದನ್ನು ಯೋಚಿಸಿ ನೋಡಿ.

1910ರ ಜುಲೈ 4ರಂದು ಅಮೆರಿಕದ ರೀನೋದಲ್ಲಿ ನಡೆದ ಪಂದ್ಯದ ಭಾಗ ಚೆನ್ನಾಗಿದೆ. ನಿವೃತ್ತನಾಗಿದ್ದ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನು ಬಿಳಿಯರ ಮಾನ ಉಳಿಸಲೆಂದು ಎಳೆತಂದದ್ದು, 15ನೆಯ ಸುತ್ತಿನಲ್ಲಿ ಅವನು ಸೋತದ್ದು, ಅಂದೇ ಅಮೆರಿಕದ ಹಲವು ನಗರಗಳಲ್ಲಿ ಗಲಭೆಯೆದ್ದು ಕಪ್ಪು ಜನರ ಜೀವ ಹೋದದ್ದು: ಇವನ್ನೆಲ್ಲ ಹಾಗೆಯೇ ಉಳಿಸಿಕೊಳ್ಳಿ.

ಇನ್ನು, ನೀವು ಬಿಟ್ಟದ್ದರ ವಿಚಾರ. ಚಾಂಪಿಯನ್ ಆದ ಮೇಲೆ ಜಾನ್ಸನ್ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಸಮರ್ಥ ಕಪ್ಪು ಬಾಕ್ಸರ್‌ಗೆ ಪಟ್ಟಕ್ಕಾಗಿ ಸೆಣಸುವ ಅವಕಾಶ ಕೊಡಲಿಲ್ಲ. ಹೆಂಡತಿಯ ಮೇಲೆ ಕೈಮಾಡಿದ. ಇದು ನಿಮಗೆ ತಿಳಿಯದ್ದಲ್ಲ, ನಿಮ್ಮ ಓದು ಲೇಖನದಲ್ಲೇ ಕಾಣುತ್ತದೆ. ದೇವರ ಪಟಕ್ಕೆ ಕಲೆ ಬಿದ್ದೀತೆಂಬ ಅಂಜಿಕೆಯಿಂದ ಮುಚ್ಚಿಟ್ಟಿದ್ದೀರಿ. 1915ರಲ್ಲಿ ಕ್ಯೂಬಾದ ಹವಾನಾದಲ್ಲಿ ಬಿಳಿಯ ಬಾಕ್ಸರ್ ಜೆಸ್ ವಿಲ್ಲಾರ್ಡ್‌ಗೆ ಬೇಕೆಂದೇ ಸೋತ ಎಂದದ್ದೂ ಇದೇ ಅಂಜಿಕೆಯಿಂದ. ಅದು ಜಾನ್ಸನ್ನನೇ ಆಮೇಲೆ ಹೇಳಿಕೊಂಡ ಮಾತು. 37ರ ವಯಸ್ಸಿನಲ್ಲಿ, ಸುಡುಬಿಸಿಲಲ್ಲಿ, 26ನೆಯ ಸುತ್ತಿನವರೆಗೂ ನಿಂತು ಸೋತವನನ್ನು ಸೋತವನೆಂದೇ ಬರೆಯಿರಿ.

ಕೊನೆಯ ಪರಿಚ್ಛೇದವನ್ನು ಪೂರ್ತಿ ತೆಗೆಯಬೇಕು. ಬಿಳಿಯ ಹೆಣ್ಣಿನೊಂದಿಗಿನ ಸಂಬಂಧವನ್ನೇ ನೆಪವಾಗಿಸಿ, 1913ರಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಆತನನ್ನು ಅಪರಾಧಿಯೆಂದಿತು. ಆತ ಜೈಲುವಾಸವನ್ನೂ ಅನುಭವಿಸಿದ. 2018ರಲ್ಲಿ ಸಿಕ್ಕ ಕ್ಷಮಾದಾನವನ್ನು ನೀವು ‘ಕೊನೆಗೂ ದೊರೆತ ನ್ಯಾಯ’ ಎಂದಿದ್ದೀರಿ. ಜಾನ್ಸನ್ ತೀರಿಕೊಂಡದ್ದು 1946ರಲ್ಲಿ.

ಸಿಡ್ನಿಯ ಆ ಕ್ಯಾಮೆರಾ ನಿಂತ ಗಳಿಗೆಯಿಂದ ಲೇಖನವನ್ನು ಆರಂಭಿಸಿ, ಈಗಿನ ಅರ್ಧದಷ್ಟು ಉದ್ದದಲ್ಲಿ ತಿದ್ದಿ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ